ಆರು ಶನಿವಾರದ ಹೊಲಿಗೆ

"ಆರು ಶನಿವಾರ, ಆರು ಕಳ್ಳತನ!" ಎರ್ಮೆಲಿಂಡಾ ಗಂಡಹೆಂಡಿರ ಜಂಟಿ ಖಾತೆಯ ಪಾಸ್‌ಬುಕ್ಕನ್ನು ಬ್ಯಾಂಕಿನ ಕೌಂಟರಿನ ಮೇಲೆ ಬಡಿದಳು. "ಮಿಲಾಗ್ರಿನ್ ಲೇಡೀಸ್ ಟೈಲರ್ಸ್ ಅಂತೆ. ಸಲಕ್ಕೆ ಇನ್ನೂರ ನಲವತ್ತು ರೂಪಾಯಿ. ನನ್ನ ಬಟ್ಟೆ ನಾನೇ ಹೊಲ್ಕೊಳ್ಳೋಳು. ಈ ಮಿಲಾಗ್ರಿನ್ ಕಪ್ಪೋ ಬಿಳುಪೋ ನಂಗೊತ್ತಿಲ್ಲ."

ಪಕ್ಕದಲ್ಲಿ ನಿಂತಿದ್ದ ಗಂಡ ಸಾಂತಾನನಿಗೆ ಚೆನ್ನಾಗಿ ಗೊತ್ತಿತ್ತು. ಪಕ್ಕದೂರಲ್ಲಿ ಹೆಂಡದಂಗಡಿ ಇಟ್ಟಿರುವ ಇನಾಸನ ಹೆಂಡತಿಯೇ ಮಿಲಾಗ್ರಿನ್. ವ್ಯಾಪಾರದ ದುಡ್ಡು ಗಂಡನ ಕೈಗೆ ಬಂದರೆ ಸಂಜೆಯೊಳಗೆ ಇಸ್ಪೀಟಿಗೆ ಹೋಗುತ್ತದೆಂದು, ಆಕೆ ತನ್ನ ಹೊಲಿಗೆ ಅಂಗಡಿಯ ಕ್ಯೂಆರ್ ಕೋಡನ್ನೇ ಹೆಂಡದಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿದ್ದಳು. ಅಲ್ಲಿ ಯಾರು ಎಷ್ಟು ಕುಡಿದರೂ ಬ್ಯಾಂಕಿನ ಪಾಲಿಗೆ ಅದು ಹೆಂಗಸರ ಬಟ್ಟೆಯ ಹೊಲಿಗೆ.

ಈಸ್ಟರ್‌ವರೆಗೆ ಒಂದು ಹನಿಯೂ ಮುಟ್ಟುವುದಿಲ್ಲ ಎಂದು, ಉಪವಾಸಕಾಲ ಶುರುವಾಗುವ ವಿಭೂತಿ ಬುಧವಾರ ಇಗರ್ಜಿಯಲ್ಲಿ ಪಾದ್ರಿಯ ಎದುರೇ ಸಾಂತಾನ್ ಮಾತು ಕೊಟ್ಟಿದ್ದ. ಅವನೊಬ್ಬನೇ ಯಾಕೆ ಕಷ್ಟಪಡಬೇಕು ಎಂದು ಎರ್ಮೆಲಿಂಡಾ ತನ್ನ ಪ್ರಾಣವಾದ ಚಹಾ ಬಿಟ್ಟಿದ್ದಳು; ಅವತ್ತಿನಿಂದ ತಲೆನೋವಿಗೆ ಹಣೆಗೆ ಬಟ್ಟೆ ಬಿಗಿದುಕೊಂಡೇ ಅಡುಗೆ ಮಾಡುತ್ತಿದ್ದಳು. ಗಂಡನ ವ್ರತದ ಬಗ್ಗೆ ಕೇರಿಯಲ್ಲೆಲ್ಲ ಡಂಗುರ ಹೊಡೆದೂ ಆಗಿತ್ತು. ಆದರೆ ಗೋವೆಯಲ್ಲಿ ಗೇರುಹಣ್ಣು ಕಳಿತು ಅದರ ಹೊಸ ಮದ್ಯ ಉರಾಕ್ ಇಳಿಯುವುದೂ ಇದೇ ದಿನಗಳಲ್ಲಿ. ವ್ರತಕ್ಕೆ ಈ ತಿಂಗಳುಗಳನ್ನು ಗೊತ್ತುಮಾಡಿದ ಪುಣ್ಯಾತ್ಮ ಖಂಡಿತ ಗೋವೆಯವನಲ್ಲ. ಇಗರ್ಜಿಯ ಹಾಡಿನ ತಾಲೀಮಿದೆ ಎಂದು ಶನಿವಾರ ಮನೆಯಿಂದ ಹೊರಡುತ್ತಿದ್ದ ಸಾಂತಾನನ ಸ್ಕೂಟರು ಇನಾಸನ ಅಂಗಡಿಯ ಮುಂದೆಯೇ ನಿಲ್ಲುತ್ತಿತ್ತು. ಗುಟ್ಟು ರಟ್ಟಾದರೆ ಊರವರು ಆಡಿಕೊಂಡು ನಗುವುದನ್ನಾದರೂ ಹೇಗೋ ಸಹಿಸಬಹುದಿತ್ತು. ಚಹಾ ಬಿಟ್ಟವಳಿಗೆ ಯಾವ ಮುಖ ತೋರಿಸುವುದು?

ಗುಮಾಸ್ತ ನಾರ್ವೇಕರ್ ಪಾಸ್‌ಬುಕ್ ನೋಡಿದ, ಆಮೇಲೆ ಸಾಂತಾನನನ್ನು ನೋಡಿದ. ಇನಾಸನ ಅಂಗಡಿಯಲ್ಲಿ ಇಬ್ಬರೂ ಕೂರುವುದು ಒಂದೇ ಬೆಂಚಿನ ಮೇಲೆ.

"ತಕರಾರು ಅರ್ಜಿ ಇದೆ, ಎರ್ಮೆಲಿಂಡಾ ಬಾಯಿ," ಅವನು ಒಂದು ಹಾಳೆಯನ್ನು ಸಾಂತಾನನ ಮುಂದಿಟ್ಟ. "ದುಡ್ಡು ಹೋಗಿರೋದು ಸಾಂತಾನ್ ಬಾಬ್ ಫೋನಿಂದ. 'ಈ ಹಣ ನಾನು ಕೊಟ್ಟಿಲ್ಲ' ಅಂತ ಅವರೇ ಸಹಿ ಹಾಕಬೇಕು. ಹಾಕಿದ್ರೆ ಆ ಟೈಲರ್ ಖಾತೆ ನಿಂತುಹೋಗತ್ತೆ. ಪೊಲೀಸರೂ ಬರಬಹುದು. ಅಲ್ಲಿಗೆ ಯಾರ್ಯಾರು ಬಂದು ಕೂರ್ತಾರೆ ಅಂತೆಲ್ಲ ಕೇಳ್ತಾರೆ."

"ಕೇಳ್ಲಿ, ನಮಗೇನು? ಹಾಕೋ ಸಹಿ, ಸಾಂತಾನ್."

ಸಾಂತಾನನ ಕೈಯಲ್ಲಿ ಪೆನ್ನು ನಿಂತಿತು. ವ್ರತದಲ್ಲಿ ಕುಡಿದದ್ದು ಒಂದು ಪಾಪ. ಯೇಸು ಶಿಲುಬೆಗೇರಿದ ವಾರದಲ್ಲಿ ಸುಳ್ಳು ಸಹಿ ಹಾಕುವುದು ಎರಡನೆಯದು. ಉರಾಕ್ ಇಳಿಯುವ ಕಾಲದಲ್ಲಿ ಇನಾಸನ ಅಂಗಡಿ ಮುಚ್ಚಿಸುವುದು ಮೂರನೆಯದು. ಅವನಿಗೆ ಮೂರನೆಯದೇ ಎಲ್ಲಕ್ಕಿಂತ ಘೋರವಾಗಿ ಕಂಡಿತು.

"ಲಿಂಡಾ, ಕಳ್ಳತನ ಅಲ್ಲ ಅದು. ನಾನೇ ಕೊಟ್ಟಿದ್ದು. ಈಸ್ಟರಿಗೆ ನಿಂಗೊಂದು ಫ್ರಾಕು ಹೊಲಿಸ್ತಾ ಇದ್ದೆ... ಕಂತಲ್ಲಿ. ಭಾನುವಾರ ಕೊಡೋವರ್ಗೂ ಹೇಳಬಾರದು ಅಂತಿದ್ದೆ."

ನೋಡನೋಡುತ್ತ ಎರ್ಮೆಲಿಂಡಾಳ ಕಣ್ಣು ತುಂಬಿತು. "ಮೂವತ್ತೊಂದು ವರ್ಷ ಆಯ್ತು ಮದುವೆಯಾಗಿ. ಒಂದು ಕರ್ಚೀಫ್ ತಂದವನಲ್ಲ ನೀನು," ಎಂದಳು. ಸಾಂತಾನನಿಗೆ ಭೂಮಿ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ಅವಳು ನಾಲ್ಕು ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಗಂಡಾಂತರ ತಪ್ಪಿತೆಂದು ನಾರ್ವೇಕರ್ ಹಿಗ್ಗಿಹೋದ. ಹಿಗ್ಗಿದವನು ಸುಮ್ಮನಿರಬಾರದೇ?

"ಒಳ್ಳೆ ಕೈ ಆಕೇದು! ಕಣ್ಣು ಮುಚ್ಚಿ ನಂಬಬಹುದು. ನಾನೂ ಪ್ರತಿ ಶನಿವಾರ ಅಲ್ಲಿಗೇ ಹೋಗೋದು."

ಎರ್ಮೆಲಿಂಡಾ ಕಣ್ಣೊರೆಸಿಕೊಳ್ಳುವುದನ್ನು ಅರ್ಧಕ್ಕೇ ಬಿಟ್ಟಳು. "ನೀವೂ?"

"ಹೂಂ."

"ಲೇಡೀಸ್ ಟೈಲರ್ ಹತ್ರ?"

ನಾರ್ವೇಕರ್ ತಲೆಯ ಮೇಲಿನ ಫ್ಯಾನನ್ನು ನೋಡತೊಡಗಿದ. ಸಾಂತಾನ್ ಚಪ್ಪಲಿ ನೋಡಿಕೊಂಡ. ಅವಳು ಒಮ್ಮೆ ಇವನನ್ನು, ಒಮ್ಮೆ ಅವನನ್ನು ನಿಧಾನವಾಗಿ ನೋಡಿದಳು. ಆಮೇಲೆ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ಅರ್ಜಿಯನ್ನು ತನ್ನತ್ತ ಎಳೆದುಕೊಂಡು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಬೆರಳು ಒಂದು ಕಡೆ ನಿಂತಿತು: 'ಹಣ ನಾನೇ ಕೊಟ್ಟಿದ್ದೇನೆ. ವಸ್ತು ಕೈಸೇರಿಲ್ಲ.' ಅದರ ಮುಂದೆ ದಪ್ಪಗೆ ಒಂದು ಗುರುತು ಹಾಕಿ ಗಂಡನತ್ತ ತಳ್ಳಿದಳು.

"ಇಲ್ಲಿ ಹಾಕು. ಇದರಲ್ಲೇನೂ ಸುಳ್ಳಿಲ್ಲವಲ್ಲ."

ಸಾಂತಾನ್ ಸಹಿ ಹಾಕಿದ.

"ಭಾನುವಾರದೊಳಗೆ ಫ್ರಾಕು ಬಂದ್ರೆ ಅರ್ಜಿ ವಾಪಸ್," ಎಂದಳು ಎರ್ಮೆಲಿಂಡಾ. "ಬರ್ದಿದ್ರೆ ಆ ಖಾತೆ ನಿಲ್ಲಿಸಿಬಿಡಿ. ಹಿಂದುಗಡೆ ನನ್ನ ಅಳತೆ ಬರ್ಕೊಳ್ಳಿ. ಎದೆ ನಲವತ್ತೆರಡು, ಸೊಂಟ ಮೂವತ್ತೆಂಟು, ಉದ್ದ ಮೊಣಕಾಲಿನ ಕೆಳಗೆ."

ನಾರ್ವೇಕರ್ ತಲೆ ಬಗ್ಗಿಸಿ ಬರೆದುಕೊಂಡ. ಅವಳು ಕನ್ನಡಕ ಮಡಚಿ ಚೀಲಕ್ಕೆ ಹಾಕಿದಳು.

"ಅದರ ಕೆಳಗೆ ನಿಮ್ಮದೂ ಬರೀರಿ, ನಾರ್ವೇಕರ್ ಬಾಬ್. ಇಬ್ಬರ ಫ್ರಾಕೂ ಒಟ್ಟಿಗೇ ಬರ್ಲಿ."