ಬಳೆ ಭಟ್ಟಿಯ ಬಾಗಿಲು

ಬೂದಿಯ ವಾಸನೆ ಬಂದರೆ ಈಗಲೂ ನನ್ನ ಅಂಗೈ ಬೆವರುತ್ತದೆ.

ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ರಾಜ್ಯ ಬಿದ್ದ ವಾರ, ಮುಸಲ್ಮಾನರ ಮನೆಗಳಿಗೆ ಗುಂಪುಗಳು ನುಗ್ಗುತ್ತಿದ್ದಾಗ, ಭಾಲ್ಕಿಯ ನಮ್ಮ ಬಳೆ ಭಟ್ಟಿಯೊಳಗೆ ಬಳೆ ಇಡುವ ಕೆಳಗಿನ ತಗಡುಗಳನ್ನು ಅವ್ವ ತೆಗೆದು, ನೆರೆಮನೆಯ ಚಾಂದಬೀಯನ್ನು ಒಳಗೆ ಕೂಡಿಸಿದಳು. ಮೇಲಿನ ತಗಡಿನ ತುಂಬ ಬಣ್ಣ ಬಳಿದ ಗಾಜಿನ ಬಳೆ ಜೋಡಿಸಲು ನನಗೆ ಹೇಳಿದಳು.

“ದಿನಾ ಇಟ್ಟಾಂಗ ಇಡವ್ವಾ. ಒಂದಕ್ಕೊಂದು ತಾಕಬಾರ್ದು.”

ನಾನು ಬಳೆಗಳನ್ನು ಒಂದೊಂದಾಗಿ ಬಿಡಿಸಿಟ್ಟೆ. ಅವ್ವ ಕಬ್ಬಿಣದ ಬಾಗಿಲು ಮುಚ್ಚಿದಳು.

ಮಧ್ಯಾಹ್ನ ಬಡಿಗೆ ಹಿಡಿದ ನಾಲ್ವರು ಚಾಂದಬೀಯನ್ನು ಹುಡುಕುತ್ತ ಬಂದರು.

“ಭಟ್ಟಿ ಬಾಗ್ಲಾ ತಗಿ.”

“ಬಳಿ ಸುಡ್ಲಿಕ್ಕ ಇಟ್ಟೀನ್ರಿ. ಈಗ ಗಾಳಿ ಹೊಕ್ರ ಎಲ್ಲಾ ಒಡೀತಾವ,” ಎಂದಳು ಅವ್ವ.

ಅವರಲ್ಲಿ ಹಿರಿಯನಾದವನು ಬಾಗಿಲಿಗೆ ಅಂಗೈ ಒತ್ತಿದ. ನನ್ನ ಮುಖ ನೋಡಿದ. ಆಮೇಲೆ ಫಕ್ಕನೆ ಕೈ ಕಿತ್ತುಕೊಂಡು, “ಕೈ ಸುಡ್ತದ. ನಡೀರಲೇ” ಎಂದ.

ಆ ಭಟ್ಟಿಗೆ ಮೂರು ದಿನದಿಂದ ಬೆಂಕಿಯೇ ಹಚ್ಚಿರಲಿಲ್ಲ.