ನಗು ತರಿಸದ ಓದು

ಅಪ್ಪನ ಜೋಕಿಗೆ ಮಗಳು ನಕ್ಕುಬಿಟ್ಟಳು. ಯಂತ್ರ ನಿಂತಿತು.

"ರೀ, ಇನ್ನೊಂದು ಜೋಕ್ ಹೇಳಿದ್ರೆ ನಿಮ್ಮನ್ನ ಹೊರಗೆ ಕಳಿಸ್ತೀನಿ," ಎಂದಳು ಯಂತ್ರ ನಡೆಸುವ ಟೆಕ್ನಿಷಿಯನ್. ಪಕ್ಕದ ಕೋಣೆಯಲ್ಲಿ ಆರು ವರ್ಷದ ಹುಡುಗಿ ಒಬ್ಬಳೇ ಮಲಗಿದ್ದಳು. ಮುಖದ ಮೇಲೆ ಜಾಲರಿ ಮುಖವಾಡ ಹಾಕಿ ಮೇಜಿಗೇ ಬಿಗಿದಿದ್ದರು. ಕಿರಣ ಮೆದುಳಿನ ಗಡ್ಡೆಗೆ ಮಾತ್ರ ತಾಗಬೇಕು. ತಲೆ ಒಂದಿಷ್ಟು ಅಲುಗಿದರೂ ನಿಲ್ಲಿಸಲೇಬೇಕು. "ಇವತ್ತೂ ಆಗದಿದ್ರೆ ನಾಳೆಯಿಂದ ದಿನಾ ಪ್ರಜ್ಞೆ ತಪ್ಪಿಸಿಯೇ ಚಿಕಿತ್ಸೆ ಕೊಡಬೇಕಾಗುತ್ತೆ."

ಅಪ್ಪನ ಮುಖ ಸಪ್ಪಗಾಯಿತು. ಅವನು ಕ್ಷೌರಿಕ. ಅಂಗಡಿಗೆ ಜನ ಬರುತ್ತಿದ್ದುದೇ ಅರ್ಧ ಕೂದಲಿಗೆ, ಅರ್ಧ ಅವನ ಮಾತಿಗೆ. ಗಂಟಲ ಮೇಲೆ ಕತ್ತಿಯಿಟ್ಟು ನಗಿಸುವ ಭೂಪ. ಮಗಳು ಹೆದರಬಾರದೆಂದು ಅವನನ್ನು ಮೈಕಿನ ಮುಂದೆ ಕೂರಿಸಿದರೆ, ಬಾಯಿ ತೆರೆದರೆ ತಮಾಷೆ. ಮುಚ್ಚಿದರೆ ಅವಳು ಅಳುತ್ತಾಳೆ. ಅತ್ತ ದರಿ, ಇತ್ತ ಪುಲಿ.

"ಏನ್ಮಾಡ್ಲಿ ಮೇಡಂ? ಹುಟ್ಟುಗುಣ ಸುಟ್ಟರೂ ಹೋಗಲ್ಲ."

ಟೆಕ್ನಿಷಿಯನ್ ಮೇಜಿನ ಮೇಲಿದ್ದ ಪುಸ್ತಿಕೆಯನ್ನು ಅವನ ಕೈಗಿಟ್ಟಳು. ಹೊಸದಾಗಿ ಬಂದ ಈ ಪ್ರೋಟಾನ್ ಕಿರಣ ಚಿಕಿತ್ಸೆ ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂದು ಆರೋಗ್ಯ ಇಲಾಖೆ ಅಚ್ಚು ಹಾಕಿಸಿದ್ದ ನಿಯಮಾವಳಿ. "ಇದನ್ನ ಓದಿ. ಇದಕ್ಕೆ ನಕ್ಕವರನ್ನ ನಾನಿನ್ನೂ ನೋಡಿಲ್ಲ."

ಅವನು ಗಂಟಲು ಸರಿಮಾಡಿಕೊಂಡ. "ಸದರಿ ಚಿಕಿತ್ಸೆಯನ್ನು ರಾಷ್ಟ್ರೀಯ ಆರೋಗ್ಯ ವ್ಯವಸ್ಥೆಯಲ್ಲಿ ಹಂತ ಹಂತವಾಗಿ ಅಳವಡಿಸುವ ಕುರಿತು ಸಮಿತಿಯು ಕೂಲಂಕಷವಾಗಿ ಪರಿಶೀಲಿಸಿ ಸಲ್ಲಿಸಿದ ವರದಿಯನ್ವಯ..." ಬೇಯದ ಕಾಳು ಅಗಿದ ಹಾಗಿತ್ತು. ಪರದೆಯಲ್ಲಿ ಮಗಳು ಮಿಸುಕಲಿಲ್ಲ. ಟೆಕ್ನಿಷಿಯನ್ ಗುಂಡಿ ಒತ್ತಿದಳು. ಅವನು ಪುಟ ತಿರುವಿದ.

"ಯಂತ್ರಗಳು ಕಡಿಮೆಯಿರುವುದರಿಂದ, ಗುಣಹೊಂದಿ ಮುಂದೆ ಬಹುಕಾಲ ಬದುಕುವ ನಿರೀಕ್ಷೆಯಿರುವ ಮಕ್ಕಳನ್ನೇ ಮೊದಲು ಆರಿಸತಕ್ಕದ್ದು."

ನಾಲಿಗೆ ಅಲ್ಲೇ ನಿಂತಿತು. ಮಗಳು ಉಳಿಯುತ್ತಾಳೆಯೇ ಎಂದು ಅವನು ಇಲ್ಲಿಯವರೆಗೆ ಯಾವ ಡಾಕ್ಟರನ್ನೂ ಕೇಳಿರಲಿಲ್ಲ. ಕೇಳುವ ಧೈರ್ಯವಿರಲಿಲ್ಲ. ಅವಳನ್ನು ಇಲ್ಲಿಗೆ ಆರಿಸಿದ್ದರು. ಕಣ್ಣು ತುಂಬಿ ಮುಂದಿನ ಅಕ್ಷರ ಕಾಣದಾಯಿತು. ನಿಲ್ಲಿಸಬೇಡಿ ಎಂದು ಟೆಕ್ನಿಷಿಯನ್ ಕೈಸನ್ನೆ ಮಾಡಿದಳು. ಅವನು ಆ ಸಾಲನ್ನೇ ಮತ್ತೆ ಹೇಳಿದ. ಮತ್ತೊಮ್ಮೆ ಹೇಳಿದ. ಕಿರಣ ನಿಲ್ಲುವವರೆಗೂ ಅದನ್ನೇ ಹೇಳಿದ.

ಕೆನ್ನೆಯ ಮೇಲೆ ಜಾಲರಿಯ ಗುರುತು ಹೊತ್ತು ಮಗಳು ಹೊರಬಂದಳು. "ಏನಪ್ಪಾ ನೀನು! ಒಂದೇ ಸಾಲು ಎಷ್ಟು ಸಲ ಓದ್ತೀಯ? ಬರೀ ಬೋರು!"

"ನಾಳೆನೂ ಅದನ್ನೇ ಓದ್ತೀನಿ ಕಣಮ್ಮ," ಎಂದ ಅಪ್ಪ.