ಕೋಳಿಗೂಡಿಗೆ ಹಾಸಿದ ಹುಲ್ಲು

ಭತ್ತದ ಒಣಹುಲ್ಲಿನ ವಾಸನೆ ಬಂದರೆ ಈಗಲೂ ನನಗೆ ಕೊಣನೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಯುದ್ಧದ ಕಾಲ. ತಂಗಿ ಚಳಿಜ್ವರದಲ್ಲಿ ತೀರಿಕೊಂಡು ಕೆಲವೇ ದಿನವಾಗಿತ್ತು. ಹಿಡಿದ ಮಳೆಗೆ ಹಿತ್ತಲಿನ ಕೋಳಿಗೂಡು ತೊಯ್ದು ಮರಿಗಳು ನಡುಗುತ್ತಿದ್ದವು. ಅಜ್ಜಿ ರಾಗಿಹುಲ್ಲು ಮುಟ್ಟಿ ನೋಡಿದಳು, ಮುಗ್ಗಲು ಹಿಡಿದಿತ್ತು. ಭತ್ತದ ಹೊಟ್ಟು ಹಸಿಯಾಗಿ ಕೈಗೆ ಅಂಟುತ್ತಿತ್ತು. ಮನೆಯಲ್ಲಿ ಒಣಗಿದ್ದದ್ದು ತಂಗಿಯ ಚಾಪೆಯಡಿ ಹಾಸಿದ್ದ ಹುಲ್ಲು ಮಾತ್ರ.

"ಅದ್ನ ಮುಟ್ಬ್ಯಾಡಿ ಅತ್ತೆ," ಎಂದಳು ಅವ್ವ.

"ಕೂಸಂತೂ ಓಯ್ತು ಕಣವ್ವ. ಮರಿಗಳಾದ್ರೂ ಉಳೀಲಿ," ಎಂದಳು ಅಜ್ಜಿ.

ಅವ್ವ ತಾನೇ ಆ ಹುಲ್ಲು ತಂದು ಗೂಡಿನೊಳಗೆ ಹರವಿದಳು. ಮರಿಗಳು ಉಳಿದವು. ಆದರೆ ಮೊಟ್ಟೆ ತೆಗೆಯಲು ಗೂಡಿಗೆ ಕೈ ಹಾಕಿದಾಗಲೆಲ್ಲ ಅವ್ವ ಎಷ್ಟೋ ಹೊತ್ತು ಕೈ ಹೊರತೆಗೆಯುತ್ತಿರಲಿಲ್ಲ. ಪಕ್ಕದಲ್ಲಿ ನಿಂತ ನನಗೆ ಮೆಲ್ಲಗೆ ಹೇಳುತ್ತಿದ್ದಳು: "ಇನ್ನೂ ಬೆಚ್ಚಗೈತೆ ಕಣ್ಲಾ."